ಶುಗರ್ ಮಾತ್ರೆ ನುಂಗಿದರೆ ಮುಪ್ಪು ತಡವಾಗುತ್ತಾ?

ಪ್ರಶ್ನೆ: ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್. ಎಂಟು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದೇನೆ. ನಮ್ಮ ಭಾವನಿಗೆ 67 ವರ್ಷ, ಶುಗರ್ ಇಲ್ಲ. ಈ ಮಾತ್ರೆ ಜೀವಕೋಶಕ್ಕೆ ಮುಪ್ಪು ಬರದಂತೆ ತಡೆಯುತ್ತೆ ಅಂತ ಯಾವುದೋ ವಿಡಿಯೋ ನೋಡಿ, ದಿನಾ ಅರ್ಧ ಮಾತ್ರೆ ಕೊಡು ಅಂತ ಗಂಟು ಬಿದ್ದಿದ್ದಾರೆ. ಕೊಡಬಹುದಾ? ಇಂಥ ಔಷಧಿ ಹುಡುಕೋದಾದರೂ ಹೇಗೆ?

ಉತ್ತರ: ಕೊಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಹುಡುಕಾಟದ ಕಥೆ.

ನಮ್ಮ ಜೀವಕೋಶಗಳು ಕೊನೆಯಿಲ್ಲದೆ ಒಡೆದು ಎರಡಾಗುತ್ತಾ ಹೋಗುವುದಿಲ್ಲ. ಸುಮಾರು 50 ಸಲ ಆದಮೇಲೆ ನಿಂತುಬಿಡುತ್ತವೆ ಎಂದು 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಅವರ ಸಹೋದ್ಯೋಗಿ ತೋರಿಸಿದರು. ನಿಂತ ಕೋಶ ಬೇಗ ಸಾಯುವುದೂ ಇಲ್ಲ. ಕೂತಲ್ಲೇ ಉರಿಯೂತದ ರಾಸಾಯನಿಕ ಸುರಿಸುತ್ತಾ ಪಕ್ಕದವನ್ನೂ ಕೆಡಿಸುತ್ತದೆ. ನಿಮಗೆ ಇದು ಹೊಸದೇನಲ್ಲ. ಒಳಗೆ ಹುಳ ಸತ್ತು ಕರಗಿದ ಗೂಡು ಪಕ್ಕದ ಒಳ್ಳೇ ಗೂಡಿಗೂ ಕಲೆ ಹತ್ತಿಸುತ್ತದೆ ಅಲ್ವಾ?

ಪ್ರಯೋಗಾಲಯದಲ್ಲಿ ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ ಇರುತ್ತದೆ, ಅದರಲ್ಲಿ 96 ಗುಳಿ. ಗುಳಿಗಳಿಗೆಲ್ಲ ಮುಪ್ಪಾದ ಕೋಶ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಔಷಧಿ ಬಿಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಎಳೆಯ ಚರ್ಮದ ಕೋಶ ಕದಿರಿನ ಹಾಗೆ ನೀಳವಾಗಿರುತ್ತದೆ. ಮುಪ್ಪಾದದ್ದು ಕಾವಲಿ ಮೇಲೆ ಹರಡಿದ ದೋಸೆ! ಒಂದು ಬಗೆಯ ಬಣ್ಣ ಹಾಕಿದರೆ ಇವು ನೀಲಿಗೆ ತಿರುಗುತ್ತವೆ. ಯಾವ ಗುಳಿಯಲ್ಲಿ ನೀಲಿ ಕಡಿಮೆಯಾಯಿತೋ ಅಲ್ಲಿ ಏನೋ ಸಿಕ್ಕಿತು ಅಂತ. ಇಲ್ಲೇ ಮೋಸ ಹೋಗುವುದು. ಎಲ್ಲ ಕೋಶವನ್ನೂ ಕೊಲ್ಲುವ ವಿಷ ಹಾಕಿದರೂ ನೀಲಿ ಕಡಿಮೆಯಾಗುತ್ತದೆ. ಎಳೆಯವು ಉಳಿದು, ಮುಪ್ಪಾದವು ಮಾತ್ರ ಹೋಗಬೇಕು.

ಹಾಗೆ 2015ರಲ್ಲಿ ಸಿಕ್ಕ ಜೋಡಿ ಡಸಾಟಿನಿಬ್ ಮತ್ತು ಕ್ವೆರ್ಸೆಟಿನ್. ಮೊದಲನೆಯದು ರಕ್ತದ ಕ್ಯಾನ್ಸರ್ ಔಷಧಿ, ಎರಡನೆಯದು ಈರುಳ್ಳಿಯಲ್ಲೂ ಇದೆ. (ಸುಮ್ನೆ ಈರುಳ್ಳಿ ಜಾಸ್ತಿ ತಿಂದರೆ ಆ ಪ್ರಮಾಣ ಸಿಗುವುದಿಲ್ಲ.) ಇಲಿಗಳಲ್ಲಿ ಫಲ ಕಂಡಿತು. ಈಸ್ಟರ್ ದ್ವೀಪದ ಮಣ್ಣಿನಿಂದ ಬಂದ ರಾಪಮೈಸಿನ್ ಇನ್ನೂ ಗಟ್ಟಿ. 600 ದಿನ ದಾಟಿದ ಮುದಿ ಇಲಿಗಳಿಗೆ ಕೊಟ್ಟಾಗಲೂ ಆಯಸ್ಸು ಹೆಣ್ಣಿಗೆ 14%, ಗಂಡಿಗೆ 9% ಹೆಚ್ಚಿತು ಎಂದು 2009ರಲ್ಲಿ ವರದಿಯಾಯಿತು. ಆದರೆ ಅದು ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಔಷಧಿ. ತಮಾಷೆಯಲ್ಲ.

ಇನ್ನು ನಿಮ್ಮ ಮೆಟ್‌ಫಾರ್ಮಿನ್. ಶುಗರ್‌ಗೆ ಒಳ್ಳೆಯ, ಹಳೆಯ, ಅಗ್ಗದ ಔಷಧಿ. ಶುಗರ್ ಇಲ್ಲದವರ ಮುಪ್ಪು ತಡೆಯುತ್ತದೆ ಎನ್ನುವುದು ಸಾಬೀತಾಗಿಲ್ಲ. 65 ದಾಟಿದ ಆರೋಗ್ಯವಂತರಿಗೆ 14 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿ ನೋಡಿದಾಗ, ಮೆಟ್‌ಫಾರ್ಮಿನ್ ತೆಗೆದುಕೊಂಡವರ ಸ್ನಾಯು ಉಳಿದವರಷ್ಟು ಬೆಳೆಯಲಿಲ್ಲ. ಈ ವಯಸ್ಸಲ್ಲಿ ಎದ್ದು ಕೂರಲು, ಮೆಟ್ಟಿಲು ಹತ್ತಲು ಬೇಕಾದದ್ದೇ ಆ ಸ್ನಾಯು. ಇದನ್ನು ನಿಮ್ಮ ಭಾವನವರಿಗೆ ಓದಿ ಹೇಳಿ. ಇನ್ನೊಂದು ಮಾತು, ಪಟ್ಟಿಯ ಮೇಲೆ ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವ ಬಗೆ) ಎಂದಿದ್ದರೆ ಆ ಮಾತ್ರೆಯನ್ನು ಸಾಮಾನ್ಯವಾಗಿ ಮುರಿಯುವ ಹಾಗೇ ಇಲ್ಲ.

ನೀವು ಮಾತ್ರ ನಿಮ್ಮ ಡೋಸ್ ತಪ್ಪಿಸಬೇಡಿ. ಎಂಟು ವರ್ಷ ಆಯಿತು ಅಂದಿರಿ. ಈ ಮಾತ್ರೆ ದಿನ ಕಳೆದಂತೆ ಕೆಲವರಲ್ಲಿ ವಿಟಮಿನ್ ಬಿ12 ತಗ್ಗಿಸುತ್ತದೆ. ಅಂಗಾಲು ಜೋಮು ಹಿಡಿಯುತ್ತಿದ್ದರೆ ಮುಂದಿನ ಸಲ ಡಾಕ್ಟರಿಗೆ ಹೇಳಿ ಅದನ್ನೂ ಪರೀಕ್ಷೆ ಮಾಡಿಸಿ.