ಅಕ್ಕಿ ತೌಡು ತಿಂದರೆ ಅಪ್ಪನ ಫ್ಯಾಟಿ ಲಿವರ್ ಕಮ್ಮಿ ಆಗುತ್ತಾ?

ನೀವು ಕೇಳಿರುವುದು ಎರಡು ವಿಷಯ. ಅಪ್ಪನಿಗೆ ಫ್ಯಾಟಿ ಲಿವರ್ ಇದೆ, ಅಕ್ಕಿ ತೌಡು ತಿಂದರೆ ಲಿವರ್, ಕಿಡ್ನಿಗೆ ಆಗುವ ‘ಆಕ್ಸಿಡೇಟಿವ್ ಡ್ಯಾಮೇಜ್’ (ಆಮ್ಲಜನಕದ ಪ್ರತಿಕ್ರಿಯೆಯಿಂದ ಜೀವಕೋಶಕ್ಕೆ ಆಗುವ ಹಾನಿ) ನಿಲ್ಲುತ್ತಾ ಅನ್ನುವುದು ಒಂದು. ಊರಿನ ರೈಸ್ ಮಿಲ್ಲಿನಿಂದಲೇ ತೌಡು ತರಬಹುದಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಬೇಡ.

ನಾನು ಡಾಕ್ಟರ್ ಅಲ್ಲ. ಗಂಗಾವತಿ ಕಡೆಯವಳು, ಓದಿದ್ದು ಆಹಾರ ತಂತ್ರಜ್ಞಾನ. ನೂರು ಕೆಜಿ ಭತ್ತದಲ್ಲಿ ಸುಮಾರು 20 ಕೆಜಿ ಹೊಟ್ಟು, 8 ಕೆಜಿಯಷ್ಟು ತೌಡು ಬರುತ್ತದೆ. ಆ ತೌಡಿನಲ್ಲಿ ಶೇ 15ರಿಂದ 20ರಷ್ಟು ಎಣ್ಣೆ. ಕಾಳು ಇಡಿಯಾಗಿರುವಾಗ ಎಣ್ಣೆಯೂ ಅದನ್ನು ಒಡೆಯುವ ಲೈಪೇಸ್ ಕಿಣ್ವವೂ ಬೇರೆ ಬೇರೆ ಇರುತ್ತವೆ. ಪಾಲಿಶ್ ಮಾಡುವಾಗ ಎರಡೂ ಬೆರೆಯುತ್ತವೆ. ಕೆಲವೇ ಗಂಟೆಗಳಲ್ಲಿ ಎಣ್ಣೆ ಒಡೆಯುವುದಕ್ಕೆ ಶುರು. ಆಮೇಲೆ ಗಾಳಿ ತಾಗಿ ಕಮಟು ವಾಸನೆ. ಅಂದರೆ ಆಕ್ಸಿಡೇಶನ್ ತಡೆಯಲಿ ಅಂತ ನೀವು ತರುವ ತೌಡು, ಚೀಲದಲ್ಲಿ ತಾನೇ ಆಕ್ಸಿಡೈಸ್ ಆಗಿ ಕೂತಿರುತ್ತದೆ! ತಿನ್ನುವುದಕ್ಕೆ ಅಂತ ಮಾಡುವ ತೌಡನ್ನು ಅದಕ್ಕೇ ಕೂಡಲೇ ಬಿಸಿ ಮಾಡಿ ಲೈಪೇಸ್ ಸಾಯಿಸುತ್ತಾರೆ. ಮಿಲ್ಲಿನ ತೌಡು ಹೋಗುವುದು ದನಗಳ ಮೇವಿಗೆ, ಇಲ್ಲವೇ ಎಣ್ಣೆ ತೆಗೆಯುವ ಫ್ಯಾಕ್ಟರಿಗೆ. ಅದನ್ನು ಯಾರೂ ಮನುಷ್ಯರ ಊಟ ಅಂತ ಜೋಪಾನ ಮಾಡುವುದಿಲ್ಲ. ಹಳೇ ಹಲ್ಲರ್ ಮಿಲ್ಲಾದರೆ ಹೊಟ್ಟಿನ ಚೂರೂ ಅದರಲ್ಲೇ ಸೇರಿರುತ್ತದೆ.

ಇನ್ನು ಲಿವರ್ ವಿಷಯ. ನೀವು ನೋಡಿದ ವಿಡಿಯೋದಲ್ಲಿ ‘ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಅಂದಿದ್ದಾರೆ ಅಲ್ವಾ? ಪೂರ್ತಿ ಸುಳ್ಳಲ್ಲ. ಅಕ್ಕಿ ತೌಡು, ಗೋಧಿ ಬೂಸಾ ಇಂಥವುಗಳ ಸತ್ವವನ್ನು ಇಲಿಗಳಿಗೆ ಕೊಟ್ಟು ನೋಡಿದ ಪ್ರಯೋಗಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವು ನಡೆಯುವ ರೀತಿ ಕೇಳಿ. ಇಲಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನುವ ವಿಷ ಕೊಡುತ್ತಾರೆ. ಲಿವರ್ ಅದನ್ನು ಅರಗಿಸಲು ಹೋದಾಗ ಸುತ್ತಲಿನ ಅಣುಗಳನ್ನು ಕೆಡಿಸುವ ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಸುಡುತ್ತಾ ಹೋಗುತ್ತದೆ. ರಕ್ತದಲ್ಲಿ ಲಿವರ್ ಹಾನಿ ಸೂಚಿಸುವ ಕಿಣ್ವಗಳಾದ ಎಎಲ್‌ಟಿ, ಎಎಸ್‌ಟಿ ಏರುತ್ತವೆ, ಲಿವರಿನದೇ ರಕ್ಷಕ ವಸ್ತುವಾದ ಗ್ಲುಟಾಥಯೋನ್ ಇಳಿಯುತ್ತದೆ. ಎಷ್ಟೋ ಪ್ರಯೋಗಗಳಲ್ಲಿ ಸತ್ವವನ್ನು ಮೊದಲೇ ಕೊಟ್ಟಿರುತ್ತಾರೆ. ಆ ಇಲಿಗಳಲ್ಲಿ ಹಾನಿ ಕಮ್ಮಿ. ತೌಡಿನಲ್ಲಿರುವ ಫೆರುಲಿಕ್ ಆಮ್ಲ, ಒರೈಜನಾಲ್, ಟೋಕೋಟ್ರೈಯೆನಾಲ್‌ಗಳ ಕೆಲಸ ಇದು ಅನ್ನುತ್ತಾರೆ. ನಂಬಬಹುದಾದ ಮಾತೇ.

ಆದರೆ ನಿಮ್ಮಪ್ಪ ವಿಷ ಕುಡಿದಿಲ್ಲ. ಸಾಮಾನ್ಯವಾಗಿ ಫ್ಯಾಟಿ ಲಿವರ್ ಬರುವುದು ತೂಕ, ಶುಗರ್ ಅಥವಾ ಮದ್ಯದಿಂದ. ಆಕ್ಸಿಡೇಶನ್ ಅಲ್ಲೂ ಇದೆ, ಆದರೆ ಅದು ಮೂಲ ಅಲ್ಲ. ಜೊತೆಗೆ, ತೌಡು, ಬೂಸಾದಲ್ಲಿರುವ ಫೆರುಲಿಕ್ ಆಮ್ಲದ ಬಹುಪಾಲು ನಾರಿಗೇ ಅಂಟಿಕೊಂಡಿರುತ್ತದೆ. ಕರುಳಿನ ಬ್ಯಾಕ್ಟೀರಿಯಾ ಬಿಡಿಸಿಕೊಟ್ಟಷ್ಟು ಮಾತ್ರ ಸಿಗುತ್ತದೆ. ಲ್ಯಾಬಿನಲ್ಲಿ ಬೇರ್ಪಡಿಸಿ ಗಟ್ಟಿ ಮಾಡಿ ಕೊಟ್ಟ ಸತ್ವಕ್ಕೂ ಚಮಚದಲ್ಲಿ ತಿನ್ನುವ ಪುಡಿಗೂ ಅಜಗಜಾಂತರ.

ಒಂದು ಲೆಕ್ಕ ಹೇಳುತ್ತೇನೆ. ಮನುಷ್ಯರ ಲಿವರ್ ಮೇಲೆ ಆಂಟಿಆಕ್ಸಿಡೆಂಟ್ (ಆಕ್ಸಿಡೇಶನ್ ತಡೆಯುವ ವಸ್ತು) ಕೆಲಸ ಮಾಡಿದ ಒಳ್ಳೆ ಉದಾಹರಣೆ ಒಂದಿದೆ. ಅಮೆರಿಕದಲ್ಲಿ ಪಿವೆನ್ಸ್ ಅನ್ನುವ ಪ್ರಯೋಗ, ಫಲಿತಾಂಶ ಬಂದದ್ದು 2010ರಲ್ಲಿ. ಲಿವರಿನಲ್ಲಿ ಕೊಬ್ಬಿನ ಜೊತೆಗೆ ಉರಿಯೂತವೂ ಇದ್ದ, ಆದರೆ ಶುಗರ್ ಇಲ್ಲದ ರೋಗಿಗಳಿಗೆ ದಿನಕ್ಕೆ 800 ಯೂನಿಟ್ ವಿಟಮಿನ್ ಇ, 96 ವಾರ. ಶೇ 43 ಜನರಲ್ಲಿ ಸುಧಾರಣೆ ಕಂಡಿತು, ಸುಮ್ನೆ ಹುಸಿ ಮಾತ್ರೆ ನುಂಗಿದವರಲ್ಲಿ ಶೇ 19. ಆ 800 ಯೂನಿಟ್ ಅಂದರೆ ಸುಮಾರು 537 ಮಿಲಿಗ್ರಾಂ. ನೂರು ಗ್ರಾಂ ತೌಡಿನಲ್ಲಿ ಈ ಬಗೆಯ ವಿಟಮಿನ್ ಇ 5 ಮಿಲಿಗ್ರಾಂ ಆಸುಪಾಸು. ದಿನಕ್ಕೆ 10 ಕೆಜಿಗೂ ಜಾಸ್ತಿ ತೌಡು ತಿನ್ನಬೇಕು! ಹಾಗಂತ ವಿಟಮಿನ್ ಇ ಮಾತ್ರೆ ನೀವೇ ತಂದು ಕೊಡಬೇಡಿ, ಅದು ಡಾಕ್ಟರ್ ನೋಡಿ ಕೊಡುವಂಥದ್ದು. ಫಿನ್‌ಲ್ಯಾಂಡಿನಲ್ಲಿ ಧೂಮಪಾನಿ ಗಂಡಸರಿಗೆ ಬೀಟಾ ಕೆರೋಟಿನ್ ಅನ್ನುವ ಇನ್ನೊಂದು ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯೇ ಆಯಿತು. ಅದು 1994ರಲ್ಲಿ ಹೊರಬಂದ ಸುದ್ದಿ. ಆಂಟಿಆಕ್ಸಿಡೆಂಟ್ ಅಂದ ಮಾತ್ರಕ್ಕೆ ಒಳ್ಳೆಯದು ಅನ್ನುವ ಹಾಗಿಲ್ಲ.

ತೌಡಿಗೆ ಬೆಲೆಯೇ ಇಲ್ಲ ಅಂತಲ್ಲ. ಜಾವಾದಲ್ಲಿ ಐಕ್‌ಮನ್ ಅನ್ನುವ ಡಚ್ ವೈದ್ಯರು ಪಾಲಿಶ್ ಅಕ್ಕಿ ತಿಂದು ಕಾಲು ಸೋತ ಕೋಳಿಗಳು ತೌಡಿನಿಂದ ಚೇತರಿಸಿಕೊಳ್ಳುವುದನ್ನು 1890ರ ದಶಕದಲ್ಲೇ ತೋರಿಸಿದ್ದರು. 1929ರಲ್ಲಿ ಅವರಿಗೆ ನೊಬೆಲ್ ಬಂತು. ಅಲ್ಲಿ ಕೆಲಸ ಮಾಡಿದ್ದು ವಿಟಮಿನ್ ಬಿ1. ನಾರಿನಿಂದ ಮಲಬದ್ಧತೆಗೆ ಅನುಕೂಲ ಆಗುತ್ತದೆ. ತೌಡಿನ ಎಣ್ಣೆಯಿಂದ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಸ್ವಲ್ಪ ಇಳಿಯುತ್ತದೆ ಅನ್ನುವುದಕ್ಕೆ ಮನುಷ್ಯರ ಮೇಲಿನ ಅಧ್ಯಯನಗಳೇ ಇವೆ. ಬೇಕಾದರೆ ಈಗಿನ ಅಡುಗೆ ಎಣ್ಣೆಯ ಬದಲು ಇದನ್ನು ಬಳಸಿ, ಎಣ್ಣೆಯ ಪ್ರಮಾಣ ಹೆಚ್ಚಿಸಬೇಡಿ.

ನಾನಾದರೆ ತೌಡನ್ನು ಬೇರೆಯಾಗಿ ತಿನ್ನಿಸುವುದಿಲ್ಲ, ಕಾಳಿನ ಜೊತೆಗೇ ತಿನ್ನಿಸುತ್ತೇನೆ. ಪಾಲಿಶ್ ಕಮ್ಮಿ ಇರುವ ಅಕ್ಕಿ, ಜರಡಿ ಹಿಡಿಯದ ಗೋಧಿ ಹಿಟ್ಟು, ರಾಗಿ. ರಾಗಿಯ ಪಾಲಿಫಿನಾಲ್ ಹೆಚ್ಚಾಗಿ ಇರುವುದು ಅದರ ಸಿಪ್ಪೆಯಲ್ಲೇ, ಮುದ್ದೆಯಲ್ಲಿ ಅದೂ ಹೊಟ್ಟೆಗೆ ಹೋಗುತ್ತದೆ. ಅಪ್ಪನ ತೂಕ ಜಾಸ್ತಿ ಇದ್ದರೆ ಶೇ 5ರಷ್ಟು ಇಳಿದರೂ ಲಿವರಿನ ಕೊಬ್ಬು ಕರಗುತ್ತದೆ, ಶೇ 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. ಕುಡಿಯುವ ಅಭ್ಯಾಸ ಇದ್ದರೆ ಅದನ್ನು ನಿಲ್ಲಿಸದೆ ಬೇರೆ ಏನು ಮಾಡಿದರೂ ದಂಡ.

ಇಷ್ಟಾದರೂ ಕೊಟ್ಟೇ ಕೊಡುತ್ತೇನೆ ಅಂದರೆ, ಬಿಸಿ ಮಾಡಿ ಸ್ಟೆಬಿಲೈಸ್ ಮಾಡಿದ್ದು ಅಂತ ಬರೆದ, ತಿನ್ನುವ ದರ್ಜೆಯ ಚಿಕ್ಕ ಪ್ಯಾಕೆಟ್ ತನ್ನಿ. ಫ್ರಿಜ್ಜಿನಲ್ಲಿಡಿ, ಒಂದೆರಡು ಚಮಚ ದಾಟಬೇಡಿ. ಅಕ್ಕಿಯಲ್ಲಿರುವ ಆರ್ಸೆನಿಕ್ ಜಾಸ್ತಿ ಸೇರುವುದು ತೌಡಿನಲ್ಲೇ. ಅಪ್ಪ ಕಬ್ಬಿಣದ ಮಾತ್ರೆ ಅಥವಾ ಥೈರಾಯ್ಡ್ ಮಾತ್ರೆ ತಗೊಳ್ತಿದ್ದರೆ ಅದರ ಜೊತೆಗೆ ತೌಡು ಕೊಡಬೇಡಿ, ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.