ಪ್ರೋಟೀನುಗಳು ಯಾವುದರಿಂದ ಆಗಿವೆ, ದೇಹದಲ್ಲಿ ಅವುಗಳ ಕೆಲಸವೇನು?

ಪ್ರೋಟೀನುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳ ಜೊತೆಗೆ ತೂಕದ ಸುಮಾರು ಶೇ. 16ರಷ್ಟು ಸಾರಜನಕವಿರುತ್ತದೆ, ಹೆಚ್ಚಿನವುಗಳಲ್ಲಿ ಸ್ವಲ್ಪ ಗಂಧಕವೂ ಉಂಟು. ಆದರೆ ಧಾತುಗಳಿಗಿಂತ ಅವುಗಳ ಜೋಡಣೆಯೇ ಮುಖ್ಯ. ಅಮೈನೋ ಆಮ್ಲಗಳೆಂಬ 20 ಬಗೆಯ ಸಣ್ಣ ಅಣುಗಳು, ಒಂದರ ಕಾರ್ಬಾಕ್ಸಿಲ್ ಎಂಬ ಪರಮಾಣುಗಳ ಗುಂಪು ಇನ್ನೊಂದರ ಅಮೈನೋ ಗುಂಪಿನೊಡನೆ ಕೂಡಿ ನೀರಿನ ಒಂದು ಅಣು ಹೊರಬೀಳುವಂತೆ, ಪೆಪ್ಟೈಡ್ ಬಂಧಗಳಿಂದ ಸರಪಳಿಯಾಗಿ ಬೆಸೆದುಕೊಳ್ಳುತ್ತವೆ. ಆ ಸರಪಳಿ ಮಡಚಿಕೊಂಡು ಪಡೆಯುವ ಆಕಾರದ ಮೇಲೆಯೇ ಪ್ರೋಟೀನಿನ ಕೆಲಸ ಬಹುಪಾಲು ನಿಂತಿದೆ. ಮೊಟ್ಟೆಯನ್ನು ಬೇಯಿಸಿದಾಗ ಬಿಳಿಭಾಗ ಗಟ್ಟಿಯಾಗುವುದು ಈ ಮಡಿಕೆಗಳು ಬಿಚ್ಚಿಕೊಂಡು ಸರಪಳಿಗಳು ಒಂದಕ್ಕೊಂದು ತೊಡರಿಕೊಳ್ಳುವುದರಿಂದ. ಪೆಪ್ಟೈಡ್ ಬಂಧಗಳು ಮಾತ್ರ ಆಗಲೂ ಮುರಿಯುವುದಿಲ್ಲ.

ಜೋಡಣೆಯ ಕ್ರಮ ಎಷ್ಟು ನಿರ್ಣಾಯಕವೆಂಬುದನ್ನು ರಕ್ತದ ಹಿಮೋಗ್ಲೋಬಿನ್ ಚೆನ್ನಾಗಿ ತೋರಿಸುತ್ತದೆ. ವಯಸ್ಕರಲ್ಲಿ ಅದು ತಲಾ 141 ಅಮೈನೋ ಆಮ್ಲಗಳ ಎರಡು ಆಲ್ಫಾ ಮತ್ತು ತಲಾ 146ರ ಎರಡು ಬೀಟಾ ಸರಪಳಿಗಳಿಂದ ಆಗಿದ್ದು, ಪ್ರತಿಯೊಂದರಲ್ಲೂ ಹೀಮ್ ಎಂಬ ಕಬ್ಬಿಣವುಳ್ಳ ಭಾಗ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಎಂಬ ಬೇರೊಂದು ಅಮೈನೋ ಆಮ್ಲ ಬಂದರೆ, ಆಮ್ಲಜನಕ ಕಡಿಮೆಯಾದಾಗ ಅಣುಗಳು ಉದ್ದನೆಯ ಎಳೆಗಳಾಗಿ ಅಂಟಿಕೊಂಡು ಕೆಂಪು ರಕ್ತಕಣವನ್ನೇ ಕುಡುಗೋಲಿನಂತೆ ಬಾಗಿಸುತ್ತವೆ. ತಂದೆ, ತಾಯಿ ಇಬ್ಬರಿಂದಲೂ ಈ ಬದಲಾವಣೆ ಪಡೆದವರು ಜೀವನವಿಡೀ ಅನುಭವಿಸುವ ನೋವಿಗೆ ಮೂಲ ಆ ಒಂದೇ ಕೊಂಡಿ ಎಂಬುದನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಹಿಮೋಗ್ಲೋಬಿನ್ ಮಾಡುವ ಆಮ್ಲಜನಕದ ಸಾಗಣೆಯಲ್ಲದೆ ಪ್ರೋಟೀನುಗಳಿಗೆ ಬೇರೆ ಕೆಲಸಗಳೂ ಇವೆ: ಕೊಲಾಜೆನ್ ಚರ್ಮಕ್ಕೂ ಮೂಳೆಗೂ ಬಲ ಕೊಡುತ್ತದೆ, ಪೆಪ್ಸಿನ್‌ನಂಥ ಕಿಣ್ವಗಳು ಆಹಾರವನ್ನು ಜೀರ್ಣಿಸುತ್ತವೆ, ಪ್ರತಿಕಾಯಗಳು ಸೋಂಕನ್ನು ಎದುರಿಸುತ್ತವೆ, ಕೇವಲ 51 ಅಮೈನೋ ಆಮ್ಲಗಳ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ.