ನೀಲಗಿರಿ ಎಣ್ಣೆ ಹಚ್ಚಿದ್ರೆ ಸೊಳ್ಳೆ ಬರಲ್ವಾ?

ಪ್ರಶ್ನೆ: ಡಾಕ್ಟ್ರೇ, ನಮ್ಮನೇಲಿ 2 ವರ್ಷದ ಮಗು ಇದೆ, ಕಾಯಿಲ್ ಹೊಗೆಗೆ ಅತ್ತೆಗೆ ಕೆಮ್ಮು ಶುರುವಾಗತ್ತೆ. ವಿಡಿಯೋದಲ್ಲಿ ಲಿಕ್ವಿಡ್ ಮಷಿನ್ ಖಾಲಿ ಬಾಟ್ಲಿಗೆ ಬೇವಿನೆಣ್ಣೆ, ಕರ್ಪೂರ ಹಾಕಿ ಇಡೋದು ತೋರಿಸ್ತಾರೆ, ಮಾಡಬೋದಾ? ಮಗುಗೆ ನೀಲಗಿರಿ ಎಣ್ಣೆ ಹಚ್ಚಬೋದಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಮಗುಗೆ ಎರಡೂ ಬೇಡಮ್ಮ. ಬೇವಿನೆಣ್ಣೆ ಮಂದ, ಆ ಸಣ್ಣ ಬತ್ತಿಯಲ್ಲಿ ಸರಿಯಾಗಿ ಮೇಲೇರಲ್ಲ, ಬತ್ತಿ ಕರಿ ಹಿಡಿದು ಸೀದ ವಾಸನೆ ಬರತ್ತೆ, ಅತ್ತೆಯವರ ಕೆಮ್ಮಿಗೆ ಅದೂ ಹೊಗೇನೆ. ಕರ್ಪೂರ, ನೀಲಗಿರಿ ಎಣ್ಣೆ ಮಗು ಬಾಯಿಗೆ ಹೋದ್ರೆ ಫಿಟ್ಸ್ ಬರಬೋದು, ಕೈಗೆ ಸಿಗದ ಹಾಗಿಡಿ.

ಅಂಗಡಿ ನೀಲಗಿರಿ ಎಣ್ಣೆ ಬೇರೆ, ಲೆಮನ್ ಯೂಕಲಿಪ್ಟಸ್ ಅನ್ನೋ ಮರದಿಂದ ಬರೋ, ಸೊಳ್ಳೆ ಓಡಿಸೋ ಪಿಎಂಡಿ ಅನ್ನೋ ಅಂಶ ಬೇರೆ. ಇವೆರಡರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಪ್ಪಿರೋದು ಪಿಎಂಡಿ ಇರೋ ರಿಪೆಲೆಂಟನ್ನ (ಮೈಗೆ ಹಚ್ಚೋ ಸೊಳ್ಳೆ ನಿವಾರಕ), ಅದೂ 3 ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತಾರೆ. ಸಿಟ್ರೊನೆಲ್ಲಾ, ಮಜ್ಜಿಗೆ ಹುಲ್ಲಿನ ಎಣ್ಣೆ ಸೊಳ್ಳೆನ ದೂರ ಇಡತ್ತೆ, ಸುಳ್ಳಲ್ಲ, ಆದ್ರೆ ಬೇಗ ಆವಿಯಾಗಿ ಹೋಗತ್ತೆ, ಹೆಚ್ಚೆಂದ್ರೆ ಒಂದೆರಡು ಗಂಟೆ ಅಷ್ಟೆ. ನೀವು ದೊಡ್ಡವರು ಸಂಜೆ ಜಗಲಿ ಮೇಲೆ ಕೂರೋಕೆ ಎರಡು ಚಮಚ ಕೊಬ್ಬರಿ ಎಣ್ಣೆಗೆ ಇದರ ನಾಲ್ಕೈದು ಹನಿ ಬೆರೆಸಿ ಕೈಕಾಲಿಗೆ ಹಚ್ಕೊಳ್ಳಿ, ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ, ಹಸಿ ಎಣ್ಣೇನೆ ಬಳ್ಕೊಂಡು ಚರ್ಮ ಕೆಂಪಾಗಿ ಬರೋರು ತುಂಬಾ ಜನ ಇದಾರೆ. ಮನೇಲಿ ಬೆಕ್ಕಿದ್ರೆ ಈ ಎಣ್ಣೆಗಳ ಡಿಫ್ಯೂಸರ್ ಹಚ್ಚಲೇಬೇಡಿ, ಅದಕ್ಕೆ ವಿಷ. ಹಟ್ಟಿಯಲ್ಲಿ ಹಾಕೋ ಲಕ್ಕಿ ಸೊಪ್ಪಿನ ಹೊಗೆ ದನಕ್ಕೆ ಸರಿ, ಮಗು ಮಲಗೋ ರೂಮಿಗೆ ಬೇಡ.

ಇನ್ನು ಡೆಂಗಿ. ಆ ಸೊಳ್ಳೆ ಕಚ್ಚೋದು ಹಗಲಲ್ಲಿ, ನಾವು ಪರದೆ ಕಟ್ಟೋದು ರಾತ್ರಿ! ಮಗು ಮಧ್ಯಾಹ್ನ ಮಲಗುವಾಗ್ಲೂ ಪರದೆ ಹಾಕಿ, ಎಚ್ಚರ ಇದ್ದಾಗ ತುಂಬು ತೋಳಿನ ತೆಳು ಬಟ್ಟೆ ಹಾಕಿ. ವಾರಕ್ಕೊಂದ್ಸಲ ಫ್ರಿಜ್ ಹಿಂದಿನ ನೀರಿನ ಟ್ರೇ, ಮನಿಪ್ಲಾಂಟ್ ಬಾಟ್ಲಿ, ಡ್ರಮ್ ಎಲ್ಲಾ ಖಾಲಿ ಮಾಡಿ, ಬರೀ ನೀರು ಚೆಲ್ಲಿದ್ರೆ ಸಾಲದು, ಒಳಗೋಡೆನ ಬ್ರಷ್ ಹಾಕಿ ಉಜ್ಜಿ, ಮೊಟ್ಟೆಗಳು ಅಲ್ಲೇ ಅಂಟ್ಕೊಂಡು ಒಣಗಿದ್ರೂ ತಿಂಗಳುಗಟ್ಟಲೆ ಜೀವ ಹಿಡ್ಕೊಂಡಿರತ್ವೆ. ಖಾಲಿ ಮಾಡೋಕಾಗದ ಬಾವಿ, ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಿ, ಅದು ಮರಿಹುಳುನ ತಿಂದು ಹಾಕತ್ತೆ. ಮಗುಗೆ ಜ್ವರ ಬಂದ್ರೆ ಮಾತ್ರ ನೀವಾಗೇ ಬ್ರೂಫೆನ್ ಕೊಡಬೇಡಿ, ಹತ್ತಿರದ ಡಾಕ್ಟ್ರಿಗೆ ತೋರಿಸಿ.